ಕಷ್ಟದಲ್ಲಿರುವ ಮಗುವಿನ ಜೊತೆ ನಿಲ್ಲುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹೊಡೆತ ತಿಂದ, ಕೈಬಿಟ್ಟುಹೋದ, ದುಡಿಮೆಗೆ ಬಿದ್ದ ಮಕ್ಕಳ ಪರವಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಸಾಲಿಗಳಲ್ಲಿ, ತಾಂಡಾಗಳಲ್ಲಿ, ಮಹಿಳಾ ಸಂಘದ ಸಭೆಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮಂದಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಮಾತು

ನೀವು ಸರ್ಕಾರದವರಾ, ಪೊಲೀಸರಾ? ನಿಮ್ಮ ಕೆಲಸ ಏನ್ರಿ?

ನಾವು ಎರಡೂ ಅಲ್ಲ. ಮಗುವನ್ನು ಮನೆಯಿಂದ ಕರೆದೊಯ್ಯುವ ಅಧಿಕಾರ ನಮಗಿಲ್ಲ. ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅದನ್ನು ನಡೆಸಿಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಅಪರಾಧ ನಡೆದಿದ್ದರೆ ಪೊಲೀಸ್ ಠಾಣೆ, ಕೋರ್ಟ್ ನೋಡಿಕೊಳ್ಳುತ್ತವೆ.

ಇವರೆಲ್ಲರ ನಡುವೆ ಮಗು ಒಂಟಿಯಾಗುತ್ತದೆ. ಅಧಿಕಾರಿಗೆ ವರ್ಗಾವಣೆ ಆಗುತ್ತದೆ. ಸಮಿತಿಯ ಸದಸ್ಯರ ಅವಧಿ ಹೆಚ್ಚೆಂದರೆ 3 ವರ್ಷ. ಇಂಥ ಮಕ್ಕಳನ್ನು ಇಟ್ಟು ನೋಡಿಕೊಳ್ಳುವ ಬಾಲಮಂದಿರದ ಸಿಬ್ಬಂದಿ ಬದಲಾಗುತ್ತಾರೆ. ಪ್ರತಿ ಸಲ ಹೊಸಬರು ಬಂದು "ಏನಾಯ್ತು ಪುಟ್ಟಾ?" ಎಂದು ಮೊದಲಿಂದ ಕೇಳುತ್ತಾರೆ. ಕಾನೂನು ನಮ್ಮಲ್ಲಿ ಗಟ್ಟಿಯಾಗಿಯೇ ಇದೆ, ಕಚೇರಿಗಳೂ ಇವೆ. ಮೊದಲ ದಿನದಿಂದ ಕೊನೆಯ ದಿನದವರೆಗೆ ಆ ಮಗುವಿನ ಹೆಸರು, ಅದರ ಕಡತ, ಅದರ ಭಯ ಮೂರನ್ನೂ ನೆನಪಿಟ್ಟುಕೊಂಡು ಜೊತೆಗಿರುವ ಒಬ್ಬ ದೊಡ್ಡವರೇ ಸಿಗುವುದಿಲ್ಲ. ಆ ಜಾಗದಲ್ಲಿ ನಿಲ್ಲುವುದೇ ನಮ್ಮ ಕೆಲಸ.

ಹೆತ್ತವರು ನಾಲ್ಕು ಏಟು ಹಾಕಿದ್ರೆ ಅದೂ ಅಪರಾಧ ಏನ್ರಿ? ನಮ್ಮನ್ನೂ ಹೊಡೆದೇ ಬೆಳೆಸ್ಯಾರಲ್ರಿ.

ಈ ಪ್ರಶ್ನೆ ಕೇಳದ ಸಭೆಯೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗು ಯಾರ ಸುಪರ್ದಿಯಲ್ಲಿದೆಯೋ ಅವರು ಅದನ್ನು ಹೊಡೆದು, ಬಿಟ್ಟುಹೋಗಿ ಅಥವಾ ಬೇಕೆಂದೇ ನಿರ್ಲಕ್ಷಿಸಿ ದೇಹಕ್ಕೋ ಮನಸ್ಸಿಗೋ ನೋವು ಕೊಟ್ಟರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹೆತ್ತವರಿಗೂ ಇದು ಅನ್ವಯಿಸುತ್ತದೆ. ಸಾಲಿಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಬೇರೆಯಾಗಿಯೇ ನಿಷೇಧಿಸಿದೆ.

ಹಾಗಂತ ಒಂದು ಏಟಿಗೆ ಯಾರೂ ಜೀಪು ಹತ್ತಿಸುವುದಿಲ್ಲ. ಬೀಡಿಯಿಂದ ಸುಟ್ಟ ಗುರುತು, ಹಳೇ ಗಾಯದ ಮೇಲೆ ಹೊಸ ಗಾಯ, ಊಟ ನಿಲ್ಲಿಸುವುದು, ಕಟ್ಟಿಹಾಕುವುದು, ಯಾರೋ ಕೈ ಎತ್ತಿದರೆ ಸಾಕು ತಲೆ ಮುಚ್ಚಿಕೊಳ್ಳುವ ಮಗು. ಇಂಥದ್ದನ್ನು ಕಂಡರೆ ಸುಮ್ನೆ ಇರಬೇಡಿ. "ನಮ್ಮನ್ನೂ ಹೊಡೆದೇ ಬೆಳೆಸಿದರು" ಎನ್ನುವವರಿಗೆ ನಾವು ಕೇಳುವುದು ಒಂದೇ: ಆ ಏಟು ನಿಮಗೆ ಇವತ್ತಿಗೂ ನೆನಪಿದೆ, ಅಲ್ವಾ?

ಮಕ್ಕಳನ್ನ ಆಯಿ ಹತ್ರ ಬಿಟ್ಟು ದುಡಿಯಾಕ ಪುಣೆಗೆ ಹೋಗ್ತೀವ್ರಿ. ಇದಕ್ಕೂ ನಿರ್ಲಕ್ಷ್ಯ ಅಂತೀರೇನು? ಬಡತನಕ್ಕೆ ಮಕ್ಕಳನ್ನ ಕಿತ್ಕೊಂಡು ಹೋಗ್ತಾರಾ?

ಇಲ್ಲ. ಇದನ್ನು ನಾವು ದೊಡ್ಡ ದನಿಯಲ್ಲಿ ಹೇಳುತ್ತೇವೆ. ಬಡತನ ಅಪರಾಧ ಅಲ್ಲ. ತಮ್ಮ ಕೈಮೀರಿದ ಕಾರಣಕ್ಕೆ ಹೆತ್ತವರು ಮಗುವನ್ನು ಬಿಟ್ಟುಬಿಡಬೇಕಾಗಿ ಬಂದರೂ ಅದನ್ನು ಬೇಕೆಂದೇ ಮಾಡಿದ್ದೆಂದು ಎಣಿಸಬಾರದು ಎಂದು ಅದೇ 75ನೇ ಕಲಂ ಹೇಳುತ್ತದೆ. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಬೇಕು ಎಂಬುದು ಆ ಕಾಯ್ದೆಯ ಮೂಲ ತತ್ವಗಳಲ್ಲೇ ಒಂದು.

ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಜಾಸ್ತಿ. ಮಕ್ಕಳನ್ನು ಕೆಲಸದ ಜಾಗಕ್ಕೆ ಕರೆದೊಯ್ದರೆ ಸಾಲಿ ತಪ್ಪುತ್ತದೆ. ಬಿಟ್ಟುಹೋದರೆ ವಯಸ್ಸಾದ ಆಯಿ, ಮುತ್ಯಾನ ಮೇಲೆ ಭಾರ. ಇಂಥ ಕಡೆ ಬೇಕಾಗಿರುವುದು ನೆರವು. ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ತಂದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಎಂಬ ಯೋಜನೆ ಇದೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ತಾಯಿ ವಿಧವೆಯಾಗಿದ್ದರೆ ಅಥವಾ ಗಂಡ ಬಿಟ್ಟಿದ್ದರೆ, ತಂದೆ ತಾಯಿ ಇಲ್ಲದ ಮಗು ಬಂಧುಗಳ ಮನೆಯಲ್ಲಿದ್ದರೆ, ಹೆತ್ತವರು ಜೈಲಿನಲ್ಲಿದ್ದರೆ ಅಥವಾ ದೊಡ್ಡ ಕಾಯಿಲೆಯಿಂದ ದುಡಿಯಲಾಗದಿದ್ದರೆ ಅರ್ಜಿ ಹಾಕಬಹುದು. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಗುಳೆ ಹೋಗಿದ್ದೇವೆ ಎಂಬ ಒಂದೇ ಕಾರಣಕ್ಕೆ ಇದು ಸಿಗುವುದಿಲ್ಲ. ಆದರೆ ಗುಳೆ ಹೋಗುವ ಎಷ್ಟೋ ಮನೆಗಳಲ್ಲಿ ಈ ಕಾರಣಗಳಲ್ಲಿ ಒಂದಾದರೂ ಇರುತ್ತದೆ.

ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ರೇಷನ್ ಕಾರ್ಡ್, ಆಧಾರ್, ಆದಾಯ ಪ್ರಮಾಣಪತ್ರ, ಸಾಲಿಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ತೀರಿಕೊಂಡವರಿದ್ದರೆ ಮರಣ ಪತ್ರ ಜೋಡಿಸಿಟ್ಟುಕೊಳ್ಳಿ. ಮರಣ ಪತ್ರ ಇಲ್ಲದೆಯೇ ಎಷ್ಟೋ ಅರ್ಜಿಗಳು ನಿಂತುಹೋಗುತ್ತವೆ. ಗಂಡ ಪರ ಊರಿನ ಕಟ್ಟಡದ ಕೆಲಸದಲ್ಲಿ ತೀರಿಕೊಂಡರೆ ಅಲ್ಲಿಯ ಪಾಲಿಕೆಯಿಂದಲೇ ಅದನ್ನು ತರಬೇಕು. ಆ ಓಡಾಟ ಒಬ್ಬಂಟಿ ಹೆಣ್ಣುಮಗಳಿಗೆ ಬಹಳ ಕಷ್ಟ. ಅಲ್ಲಿ ನಾವು ಜೊತೆಯಾಗುತ್ತೇವೆ.

ನಮ್ಮ ಓಣ್ಯಾಗ ಒಂದು ಹುಡುಗನ್ನ ದಿನಾ ಹೊಡಿತಾರ್ರಿ. ಫೋನ್ ಮಾಡಿದ್ರೆ ನನ್ನ ಹೆಸರು ಹೊರಗ ಬರ್ತದಾ?

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಕಟ್ಟಬೇಕಿಲ್ಲ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ನಡೆಸುತ್ತಿದೆ, ತುರ್ತು ಸಂಖ್ಯೆ 112ರ ಜೊತೆಗೂ ಜೋಡಿಸಿದೆ. ಮಗುವೇ ಫೋನ್ ಮಾಡಬಹುದು. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ.

ಹೇಳಬೇಕಾದ್ದು ಮಗುವಿನ ಗುರುತು: ಯಾವ ಓಣಿ, ಯಾವ ಗುಡಿ ಅಥವಾ ಅಂಗಡಿಯ ಹತ್ತಿರ, ಅಂದಾಜು ವಯಸ್ಸು, ನೀವು ಕಣ್ಣಾರೆ ಕಂಡದ್ದೇನು, ಯಾವ ಹೊತ್ತಿನಲ್ಲಿ. "ಪಾಪ, ಬಹಳ ಹೊಡೀತಾರೆ" ಎಂದರೆ ಹುಡುಕಿ ಬರುವವರಿಗೆ ಏನೂ ಸಿಗುವುದಿಲ್ಲ. ತಾಂಡಾ ಆದರೆ ತಾಂಡಾದ ಹೆಸರಿನ ಜೊತೆ ಗ್ರಾಮ ಪಂಚಾಯತಿಯ ಹೆಸರನ್ನೂ ಹೇಳಿ. ಒಂದೇ ಹೆಸರಿನ ತಾಂಡಾಗಳು ಸಾಕಷ್ಟಿವೆ.

ಗಟ್ಟಿ ಸಾಕ್ಷಿ ಇಲ್ಲವಲ್ಲ ಎಂದು ತಡ ಮಾಡಬೇಡಿ. ಸಾಕ್ಷಿ ಹುಡುಕುವುದು ನಿಮ್ಮ ಕೆಲಸ ಅಲ್ಲ. ಲೈಂಗಿಕ ಶೋಷಣೆಯ ಅನುಮಾನವಿದ್ದರಂತೂ ತಿಳಿಸದೇ ಇರುವುದೇ ಅಪರಾಧ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲಿ ಅದಕ್ಕೆ 6 ತಿಂಗಳವರೆಗೆ ಜೈಲಿದೆ. ಸಾಲಿ, ಹಾಸ್ಟೆಲಿನ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ 1 ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಕಾಯ್ದೆಯಲ್ಲಿದೆ.

## ಫೋನ್ ಮಾಡಿದ ಮೇಲೆ

ಮಗುವನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರೆ? ಕೋರ್ಟಿಗಾ?

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಹಾಜರುಪಡಿಸಬೇಕು. ಪೊಲೀಸರೇ ಕರೆತರಬೇಕೆಂದಿಲ್ಲ. ಸಹಾಯವಾಣಿಯವರು, ಸಂಸ್ಥೆಯವರು, ಡಾಕ್ಟರು, ನರ್ಸು, ಕಾಳಜಿ ಇರುವ ಯಾರೇ ಆದರೂ ಕರೆತರಬಹುದು. ಮಗು ತಾನೇ ಬರಬಹುದು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಕನಿಷ್ಠ ಒಬ್ಬರು ಮಹಿಳೆ ಇರಲೇಬೇಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಅವರಿಗಿದೆ. ಆದರೂ ಅಲ್ಲಿ ಕಟಕಟೆ ಇಲ್ಲ, ಕರಿಕೋಟಿನ ವಾದ ಇಲ್ಲ.

ಒಂದು ಸಲ ಏಳೆಂಟು ವರ್ಷದ ಹುಡುಗಿಯ ಜೊತೆ ಆ ಕೋಣೆಯಲ್ಲಿ ಕೂತಿದ್ದೆವು. ಕುರ್ಚಿ ದೊಡ್ಡದು, ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮಡಿಲಲ್ಲಿ ಬಟ್ಟೆ ತುಂಬಿದ ಕ್ಯಾರಿಬ್ಯಾಗ್, ಅದರ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಕನ್ನಡದಲ್ಲಿ ಕೇಳಿದ ಯಾವುದಕ್ಕೂ ಉತ್ತರ ಇಲ್ಲ. ನಮ್ಮ ಜೊತೆಗಿದ್ದ ತಾಂಡಾದ ಆಶಾ ಕಾರ್ಯಕರ್ತೆ ಲಂಬಾಣಿಯಲ್ಲಿ "ಊಟ ಮಾಡಿದ್ಯಾ?" ಎಂದು ಕೇಳಿದ ಮೇಲೆಯೇ ಅವಳು ತಲೆ ಎತ್ತಿದ್ದು. ಅವಳು ಮೊದಲು ಕೇಳಿದ್ದು ತಮ್ಮನ ಬಗ್ಗೆ. ಮನೆಯಲ್ಲಿ ಇನ್ನೊಂದು ಮಗು ಇದೆ ಎಂಬುದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಮಕ್ಕಳು ಲಂಬಾಣಿ, ಉರ್ದು, ತೆಲುಗು, ಮರಾಠಿ ಮಾತಾಡುತ್ತಾರೆ. ಅವರ ಮಾತು ಬಲ್ಲವರನ್ನು ಕರೆಸಿ ಎಂದು ಮೊದಲ ದಿನವೇ ಕೇಳಿ.

ಬಾಲಮಂದಿರಕ್ಕೆ ಹೋದ ಮಗು ತಿರುಗಿ ಬರೋದೇ ಇಲ್ಲ ಅಂತಾರಲ್ರಿ?

ಬಹುಪಾಲು ಮಕ್ಕಳಿಗೆ ಬಾಲಮಂದಿರ ತಾತ್ಕಾಲಿಕ ಜಾಗ. ಮನೆಯ ಪರಿಸ್ಥಿತಿ ಹೇಗಿದೆ ಎಂಬ ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಬರಬೇಕು, ಇಡೀ ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು. ಆಮೇಲೆ ಸಮಿತಿ ಮಗುವನ್ನು ಹೆತ್ತವರಿಗೆ ಕೊಡಬಹುದು. ಇಲ್ಲವೇ ಅಜ್ಜಿ, ಸೋದರಮಾವನಂಥ ಬಂಧುಗಳಿಗೆ, ಸಾಕು ಕುಟುಂಬಕ್ಕೆ ಕೊಡಬಹುದು, ಬಾಲಮಂದಿರದಲ್ಲೇ ಇಡಬಹುದು.

ತಡವಾಗುವುದು ಈ ವರದಿಯ ಹತ್ತಿರವೇ. ಮನೆಗೆ ಹೋದಾಗ ಹೆತ್ತವರು ಪರ ಊರಿನಲ್ಲಿದ್ದರೆ "ಮನೆಗೆ ಬೀಗ" ಎಂದು ಬರೆದು ವರದಿ ವಾಪಸ್ ಬರುತ್ತದೆ. ಮಗು ಕಾಯುತ್ತಲೇ ಇರುತ್ತದೆ. ಆದ್ದರಿಂದ ಕುಟುಂಬದವರು ಫೋನ್ ನಂಬರ್ ಕೊಟ್ಟು, ಕರೆದ ದಿನ ಸಮಿತಿಯ ಮುಂದೆ ಬರಲೇಬೇಕು. ಬಸ್ಸಿನ ದುಡ್ಡಿಲ್ಲ, ಆ ದಿನದ ಕೂಲಿ ಹೋಗುತ್ತದೆ ಎಂಬ ಕಾರಣಕ್ಕೆ ತಪ್ಪಿಸಬೇಡಿ, ನಮಗೆ ಹೇಳಿ. ಹಾಗೇ, ಮನೆ ಇನ್ನೂ ಸುರಕ್ಷಿತ ಆಗಿಲ್ಲ ಅನ್ನಿಸಿದರೆ ಮಗುವನ್ನು ಅವಸರದಲ್ಲಿ ಕಳಿಸಬೇಡಿ ಎಂದು ನಾವೇ ಬರೆದುಕೊಡುತ್ತೇವೆ. ಇದರಿಂದ ಕೆಲವು ಹೆತ್ತವರು ನಮ್ಮ ಮೇಲೆ ಸಿಟ್ಟಾಗುತ್ತಾರೆ. ಆದರೂ ಬರೆಯುತ್ತೇವೆ.

ಹುಡುಗ ಕಳೆದುಹೋಗ್ಯಾನ. ಸ್ಟೇಷನ್ನಿನಾಗ "ಒಂದು ದಿನ ಕಾಯ್ರಿ, ಬರ್ತಾನ" ಅಂದ್ರು.

ಕಾಯಬೇಡಿ. ಮಗು ಕಾಣೆಯಾದ ದೂರು ಬಂದ ಕೂಡಲೇ ಎಫ್‌ಐಆರ್ ಹಾಕಬೇಕು, ಅಪಹರಣವೋ ಸಾಗಾಟವೋ ಆಗಿದೆ ಎಂದೇ ಎಣಿಸಿ ಹುಡುಕಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಮ್ಮ ವ್ಯಾಪ್ತಿ ಅಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರಿರಬೇಕು, ಅವರನ್ನೇ ಕೇಳಿ. ಈಚಿನ ಫೋಟೊ, ಉಟ್ಟ ಬಟ್ಟೆಯ ಬಣ್ಣ, ಮೈಮೇಲಿನ ಮಚ್ಚೆ ಹೇಳಿ. ನಮ್ಮ ಕಡೆಯಿಂದ ಓಡಿಹೋಗುವ ಮಕ್ಕಳು ಹೆಚ್ಚಾಗಿ ರೈಲು ಹತ್ತುತ್ತಾರೆ. ಕಲಬುರಗಿ, ವಾಡಿ, ಯಾದಗಿರಿ ಮೂರೂ ಮುಂಬೈ ಚೆನ್ನೈ ದೊಡ್ಡ ಲೈನಿನ ಮೇಲಿವೆ. ಆದ್ದರಿಂದ ರೈಲ್ವೆ ಪೊಲೀಸರಿಗೂ ಅದೇ ಗಂಟೆಯಲ್ಲಿ ತಿಳಿಸಿ.

ಮಗು ಪುಣೆಯಲ್ಲಿ ಸಿಕ್ಕಿದೆಯಂತೆ. ನಾವೇ ಹೋಗಿ ಕರ್ಕೊಂಡು ಬರಬೇಕಾ?

ಹೋಗಬಹುದು, ಆದರೆ ಹೋಗಲೇಬೇಕೆಂದಿಲ್ಲ. ಮಗು ಬೇರೆ ಜಿಲ್ಲೆಯದ್ದೆಂದು ಗೊತ್ತಾದರೆ ಅಲ್ಲಿಯ ಸಮಿತಿ ಕಡತದ ಸಮೇತ ಮಗುವನ್ನು ಊರಿನ ಜಿಲ್ಲೆಯ ಸಮಿತಿಗೆ ವರ್ಗಾಯಿಸಬೇಕು. ಜೊತೆಗೆ ಬೆಂಗಾವಲು ಕೊಟ್ಟು ಕಳಿಸಬೇಕು. ಖರ್ಚು ಕುಟುಂಬದ್ದಲ್ಲ.

## ನಮ್ಮ ನೆಲದ ಕಷ್ಟಗಳು

ಹತ್ತಿ ಬಿಡಿಸೋ ಟೈಮಿನಾಗ ಹುಡುಗರು ಎರಡು ತಿಂಗಳು ಹೊಲಕ್ಕೆ ಬರ್ತಾರ. ಅದೂ ಬಾಲಕಾರ್ಮಿಕ ಪದ್ಧತಿ ಏನ್ರಿ?

ಕೂಲಿಗೆ ಹೋದರೆ ಹೌದು. 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತದೆ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಸಾಲಿ ಮುಗಿದ ಮೇಲೆ, ರಜೆಯಲ್ಲಿ ಸ್ವಂತ ಹೊಲದಲ್ಲಿ ಅಪ್ಪ ಅವ್ವನಿಗೆ ಕೈಜೋಡಿಸುವುದಕ್ಕೆ ಅಡ್ಡಿಯಿಲ್ಲ. ಶಹಾಬಾದ್ ಕಲ್ಲಿನಂಥ ಗಣಿ ಕೆಲಸಕ್ಕೆ ಮಾತ್ರ 18 ತುಂಬುವವರೆಗೂ ಯಾರೂ ಹೋಗುವಂತಿಲ್ಲ.

ಶಹಾಪುರ, ಸುರಪುರ ಕಡೆ ಹತ್ತಿ ಒಡೆಯುವ ಕಾಲಕ್ಕೆ ಸಾಲಿಯ ಹಾಜರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಹೊಲಕ್ಕೆ ಹೋದ ಮಗುವಿನ ಕೈ ನೋಡಿದರೂ ಗೊತ್ತಾಗುತ್ತದೆ. ಒಣಗಿದ ಕಾಯಿಯ ತುದಿ ಚುಚ್ಚಿ ಉಗುರಿನ ಸುತ್ತ ಸಣ್ಣ ಸಣ್ಣ ಗೀರು. ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ. ಅದಕ್ಕೇ ಮನೆಯ ಒಂದೊಂದು ಸಣ್ಣ ಕೈಯೂ ಲೆಕ್ಕಕ್ಕೆ ಬರುತ್ತದೆ.

ಬರೀ ದಾಳಿ ಮಾಡಿದರೆ ಮಗು ಮುಂದಿನ ವಾರ ಇನ್ನೊಂದು ಹೊಲದಲ್ಲಿರುತ್ತದೆ. ಸುಗ್ಗಿಗೆ ಮುಂಚೆಯೇ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಸಾಲಿಯ ಉಸ್ತುವಾರಿ ಸಮಿತಿ), ಹೊಲದ ಮಾಲೀಕರು ಕೂತು ಮಾತಾಡಿದ ಊರುಗಳಲ್ಲಿ ಫಲ ಕಂಡಿದ್ದೇವೆ. ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುತ್ತಮುತ್ತ, ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಹತ್ತಿಯ ವಿಷಯ ಎತ್ತಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಾಲಿ ಬಿಟ್ಟ ಮಗುವನ್ನು ಅದರ ವಯಸ್ಸಿನ ತರಗತಿಗೇ ಸೇರಿಸಿಕೊಳ್ಳಬೇಕು. ಟಿಸಿ ಇಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ.

ನಾಳೆ ಮದುವೆ ಅದ, ಹುಡುಗಿಗೆ ಹದಿನೈದು. ಈಗ ಏನ್ ಮಾಡಬೇಕ್ರಿ?

ಈ ಕ್ಷಣ 1098ಕ್ಕೆ ಹೇಳಿ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರ್, ಪಿಡಿಒ (ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ), ಪೊಲೀಸರಲ್ಲಿ ಯಾರು ಬೇಗ ಸಿಗುತ್ತಾರೋ ಅವರಿಗೂ ಹೇಳಿ. ಮದುವೆ ತಡೆಯಲು ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಮದುವೆ ಆಗುವ ಅಪಾಯದಲ್ಲಿರುವ ಹುಡುಗಿಯನ್ನು ರಕ್ಷಣೆ ಬೇಕಾದ ಮಗು ಎಂದೇ ಕಾನೂನು ಕಾಣುತ್ತದೆ. ಹಾಗಾಗಿ ಅವಳನ್ನು ಸಮಿತಿಯ ಮುಂದೆ ತರಬಹುದು.

ಮದುವೆ ಆಗಿಯೇಹೋಗಿದ್ದರೆ? ಕರ್ನಾಟಕದಲ್ಲಿ ಬಾಲ್ಯವಿವಾಹ ಶುರುವಿನಿಂದಲೇ ಅಸಿಂಧು. ರಾಜ್ಯ ತಂದ ತಿದ್ದುಪಡಿಯಿಂದ ಹೀಗಾಗಿದೆ, ಬೇರೆ ಬಹಳಷ್ಟು ರಾಜ್ಯಗಳಲ್ಲಿ ಇದಿಲ್ಲ. "ತಾಳಿ ಕಟ್ಟಿ ಆಯ್ತಲ್ಲ, ಇನ್ನೇನು" ಎಂದು ಹಿರಿಯರು ಹೇಳಿದರೆ ಈ ಮಾತನ್ನು ನೆನಪಿಸಿ.

ತಡೆದ ಮೇಲೆಯೇ ನಿಜವಾದ ಕೆಲಸ. ತಡೆದ ಮದುವೆಯನ್ನು ಎಷ್ಟೋ ಸಲ ಗಡಿ ದಾಟಿ ಮಹಾರಾಷ್ಟ್ರದಲ್ಲೋ ತೆಲಂಗಾಣದಲ್ಲೋ ಗುಟ್ಟಾಗಿ ಮಾಡಿಬಿಡುತ್ತಾರೆ. ಆದ್ದರಿಂದ ಮುಚ್ಚಳಿಕೆ ಬರೆಸಿಕೊಂಡರೆ ಸಾಲದು. ಹುಡುಗಿ ಮರುವಾರ ಸಾಲಿಗೆ ಬಂದಳಾ, ಹಾಸ್ಟೆಲ್ ಸಿಕ್ಕಿತಾ ಎಂದು ಯಾರಾದರೂ ಹೋಗಿ ನೋಡಬೇಕು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೆಂಬ ಸರ್ಕಾರಿ ವಸತಿ ಸಾಲಿಗಳು ಇಂಥ ಹುಡುಗಿಯರಿಗೆ ದೊಡ್ಡ ಆಸರೆ.

ಆಸ್ಪತ್ರ್ಯಾಗ ಹುಟ್ಟಿದ ಕೂಸು ಅವರಿಗೆ ಬ್ಯಾಡಂತ. ನಮ್ಮಕ್ಕಗ ಮಕ್ಕಳಿಲ್ಲ. ಬಾಂಡ್ ಪೇಪರ್ ಮ್ಯಾಲ ಬರೆಸಿ ತಗೋಬಹುದಾ?

ಬೇಡ. ನಡುವೆ ದುಡ್ಡು ಓಡಾಡಿದರೆ ಅದು ಮಗುವಿನ ಮಾರಾಟ. ಕೊಟ್ಟವರಿಗೂ ಕೊಂಡವರಿಗೂ 5 ವರ್ಷದವರೆಗೆ ಕಠಿಣ ಜೈಲು. ಆಸ್ಪತ್ರೆ ಸಿಬ್ಬಂದಿ ಸೇರಿದ್ದರೆ ಅವರಿಗೆ 3ರಿಂದ 7 ವರ್ಷ. ಬಾಂಡ್ ಪೇಪರಿನಿಂದ ದತ್ತು ಆಗುವುದಿಲ್ಲ.

ಕೂಸನ್ನು ಸಾಕಲು ಆಗದ ತಾಯಿ ಸಮಿತಿಯ ಮುಂದೆ ಒಪ್ಪಿಸಬಹುದು. ಅವಳಿಗೆ ಮನಸ್ಸು ಬದಲಿಸಲು 2 ತಿಂಗಳು ಸಿಗುತ್ತದೆ. ಅವಳ ಹೆಸರು ಹೊರಗೆ ಬರುವುದಿಲ್ಲ. ಅವಳನ್ನು ಬೈದು, ಬುದ್ಧಿ ಹೇಳಿ ಹೆದರಿಸಬೇಡಿ ಎಂದು ನಾವು ಕೈಮುಗಿದು ಕೇಳುತ್ತೇವೆ. ಹೆದರಿದವರೇ ಕೂಸನ್ನು ಮುಳ್ಳುಕಂಟಿಯಲ್ಲಿ ಬಿಟ್ಟುಹೋಗುವುದು. ನಿಮ್ಮ ಅಕ್ಕ ಭಾವ ಕೇಂದ್ರ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲಿ. ಸರದಿ ಬರಲು ವರ್ಷಗಳೇ ಹಿಡಿಯಬಹುದು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಜಿಲ್ಲಾಧಿಕಾರಿ. ಹಾಗೆ ಬಂದ ಕೂಸನ್ನು ನಾಳೆ ಯಾರೂ ಬಂದು ಕೇಳುವುದಿಲ್ಲ.

## ಕೈಜೋಡಿಸುವವರಿಗೆ

ಮಗಳ ಹುಟ್ಟುಹಬ್ಬಕ್ಕೆ ಬಾಲಮಂದಿರದಾಗ ಊಟ ಹಾಕಿಸಬೇಕು ಅಂತ ಅದ. ಹಾಕಿಸಬಹುದಾ?

ಅಧೀಕ್ಷಕರನ್ನು ಮೊದಲು ಕೇಳಿ ಹಾಕಿಸಬಹುದು. ಫೋಟೊ ಮಾತ್ರ ತೆಗೆಯಬೇಡಿ, ಸ್ಟೇಟಸ್‌ಗೆ ಹಾಕಬೇಡಿ. ಅಲ್ಲಿರುವ ಮಗುವಿನ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ. ಶಿಕ್ಷೆ ಹಾಗಿರಲಿ, ನಾಳೆ ಸಾಲಿಯಲ್ಲಿ ಆ ಹುಡುಗನನ್ನು ಯಾರೋ ಆ ಫೋಟೊ ತೋರಿಸಿ ಅಣಕಿಸುತ್ತಾರೆ. "ಅಪ್ಪ ಅವ್ವ ಎಲ್ಲಿದ್ದಾರೆ?" ಎಂದು ಮಕ್ಕಳನ್ನು ಕೇಳಲೂಬೇಡಿ.

ಹೋಳಿಗೆ ಊಟ ಒಂದು ದಿನದ್ದು. ವಾರಕ್ಕೊಂದು ಸಂಜೆ ಹೋಗಿ ಗಣಿತ, ಇಂಗ್ಲಿಷ್ ಹೇಳಿಕೊಟ್ಟರೆ ಅದರ ಬೆಲೆ ಜಾಸ್ತಿ.

ನಾನು ನಿವೃತ್ತ ಶಿಕ್ಷಕಿ. ನಿಮ್ಮ ಜೊತೆ ಬರಬಹುದಾ? ಕಾನೂನು ಓದಿಲ್ಲ.

ಬನ್ನಿ. ಕಾನೂನು ಕಲಿಸಬಹುದು, ತಾಳ್ಮೆ ಕಲಿಸುವುದು ಕಷ್ಟ. ಪೊಲೀಸ್ ಪರಿಶೀಲನೆ, ತರಬೇತಿ, ಮಕ್ಕಳ ರಕ್ಷಣಾ ನೀತಿಗೆ ಸಹಿ, ಈ ಮೂರು ಆಗದೆ ನಾವು ಯಾರನ್ನೂ ಮಗುವಿನ ಹತ್ತಿರ ಬಿಡುವುದಿಲ್ಲ. ಎಷ್ಟೇ ದೊಡ್ಡವರಾದರೂ ಅಷ್ಟೇ. ಆಮೇಲೆ ಒಂದೇ ಒಂದು ಮಗುವಿನ ಜವಾಬ್ದಾರಿ ಕೊಡುತ್ತೇವೆ. ಸಮಿತಿಯ ತಾರೀಕಿಗೆ ಹೋಗುವುದು, ಸಾಲಿಯಲ್ಲಿ ವಿಚಾರಿಸುವುದು, ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವುದು ನಿಮ್ಮ ಕೆಲಸ. ಎರಡು ತಿಂಗಳು ಬಂದು ಬಿಟ್ಟುಹೋಗುವ ಹಾಗಿದ್ದರೆ ಬರಬೇಡಿ. ಬಿಟ್ಟುಹೋದವರನ್ನು ಈ ಮಕ್ಕಳು ಈಗಾಗಲೇ ಸಾಕಷ್ಟು ಕಂಡಿದ್ದಾರೆ.

ದತ್ತು ಬೇಡ, ಸ್ವಲ್ಪ ವರ್ಷ ಒಂದು ಮಗುವನ್ನ ಮನ್ಯಾಗ ಇಟ್ಕೊಂಡು ಓದಿಸಬೇಕು ಅಂತ ಅದ.

ಅದಕ್ಕೆ ಪೋಷಕತ್ವ ಯೋಜನೆ ಇದೆ. ಸಮಿತಿ ನಿಮ್ಮ ಮನೆ, ಆರೋಗ್ಯ, ಆದಾಯ, ಮನೆಯವರೆಲ್ಲರ ಒಪ್ಪಿಗೆ ನೋಡಿ ಮಗುವನ್ನು ಕೊಡುತ್ತದೆ. ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. 2024ರ ಮಾರ್ಗಸೂಚಿಯ ನಂತರ ಒಂಟಿಯಾಗಿರುವವರೂ ಅರ್ಜಿ ಹಾಕಬಹುದು. ಮನೆಗೆಲಸಕ್ಕೆ ಒಂದು ಹುಡುಗಿ ಬೇಕು ಎಂಬ ಲೆಕ್ಕದಲ್ಲಿ ಬರುವವರೂ ಇದ್ದಾರೆ. ಅದನ್ನು ಪತ್ತೆ ಮಾಡಲು ನಾವು ಮನೆಗೆ ಹೇಳದೆಯೂ ಬರುತ್ತೇವೆ.

## ಇನ್ನೂ ಮುಂದಿನ ಪ್ರಶ್ನೆಗಳು

ಊರ ಹಿರಿಯರು ಕೂತು ಬಗೆಹರಿಸ್ಯಾರ, ದಂಡಾನೂ ಕೊಡಿಸ್ಯಾರ. ಇನ್ನ ಪೋಕ್ಸೋ ಕೇಸು ಯಾಕ್ರಿ, ಹುಡುಗಿ ಮರ್ಯಾದಿ ಹೋಗ್ತದ.

ಮರ್ಯಾದೆ ಹೋಗಬೇಕಾದ್ದು ತಪ್ಪು ಮಾಡಿದವನದ್ದು. ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ಪಂಚಾಯಿತಿ ಕಟ್ಟೆಯಲ್ಲಿ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಮುಗಿಸಿದ ಹಿರಿಯರಿಗೂ ವಿಷಯ ಗೊತ್ತಿತ್ತು, ಪೊಲೀಸರಿಗೆ ತಿಳಿಸಲಿಲ್ಲ ಎಂದಾಗುತ್ತದೆ. ದಂಡದ ದುಡ್ಡು ಮಗುವಿನ ಕೈಗೆ ಬಂದದ್ದನ್ನು ನಾವು ಕಂಡಿಲ್ಲ. ನ್ಯಾಯವಾಗಿ ಪರಿಹಾರ ಬೇಕಿದ್ದರೆ ವಿಶೇಷ ನ್ಯಾಯಾಲಯವೇ ಕೊಡಿಸುತ್ತದೆ, ಕೇಸು ನಡೆಯುತ್ತಿರುವಾಗಲೇ ಮಧ್ಯಂತರ ಪರಿಹಾರವೂ ಸಿಗುತ್ತದೆ. ಹುಡುಗಿಯ ಹೆಸರು, ಊರು, ಸಾಲಿ ಯಾವುದನ್ನೂ ಪತ್ರಿಕೆಯವರು ಬರೆಯುವಂತಿಲ್ಲ.

ಕೋರ್ಟಿನಾಗ ಮಗು ಹೆದರ್ತದ. ವಕೀಲರು ಏನೇನೋ ಕೇಳ್ತಾರಲ್ರಿ?

ಹೆದರುವುದು ಸಹಜ. ಅದಕ್ಕೇ ಪೋಕ್ಸೋ ಕಾಯ್ದೆಯಲ್ಲಿ ಬೇರೆ ವ್ಯವಸ್ಥೆ ಇದೆ. ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯ ವೈದ್ಯಕೀಯ ಪರೀಕ್ಷೆ ಮಹಿಳಾ ವೈದ್ಯರೇ ಮಾಡಬೇಕು. ಕೋರ್ಟಿನಲ್ಲಿ ವಕೀಲರು ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಮಗುವನ್ನು ಕೇಳುವುದು ನ್ಯಾಯಾಧೀಶರು. ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಪದೇ ಪದೇ ಕರೆಸುವಂತಿಲ್ಲ.

ಇದೆಲ್ಲ ನಡೆಯುವಂತೆ ನೋಡಿಕೊಳ್ಳಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸುತ್ತದೆ. ತಾರೀಕು ಯಾವಾಗ, ಮುಂದೇನು, ಆರೋಪಿಗೆ ಜಾಮೀನು ಸಿಕ್ಕಿತಾ ಎಂದು ಮನೆಯವರಿಗೆ ತಿಳಿಸುವುದು, ಕೋರ್ಟಿನಲ್ಲಿ ಮಗುವಿನ ಪಕ್ಕ ಕೂರುವುದು, ತಿಂಗಳಿಗೊಂದು ವರದಿಯನ್ನು ಸಮಿತಿಗೆ ಕೊಡುವುದು ಅವರ ಕೆಲಸ. ಹೊಂದಿಕೆ ಆಗದಿದ್ದರೆ ಕಾರಣ ಹೇಳದೆಯೂ ಅವರನ್ನು ಬದಲಿಸಿ ಎಂದು ಕೇಳಬಹುದು. ನಾವು ಸಾಮಾನ್ಯವಾಗಿ ಸಾಕ್ಷಿಯ ದಿನಕ್ಕೆ ಮುಂಚೆ ಮಗುವನ್ನು ಖಾಲಿ ಕೋರ್ಟ್ ಹಾಲಿಗೆ ಕರೆದೊಯ್ದು ಎಲ್ಲಿ ಯಾರು ಕೂರುತ್ತಾರೆ ಎಂದು ತೋರಿಸುತ್ತೇವೆ. ನೀರಿನ ಬಾಟ್ಲಿ, ಬಿಸ್ಕತ್ತು, ಶೌಚಾಲಯ ಎಲ್ಲಿದೆ ಎಂಬುದು ಕಲಂಗಳಷ್ಟೇ ಮುಖ್ಯ. ಮಗು ಏನು ಹೇಳಬೇಕೆಂದು ಮಾತ್ರ ಎಂದೂ ಹೇಳಿಕೊಡುವುದಿಲ್ಲ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ, ಅವರ ಸಹಾಯವಾಣಿ 15100.

ಬಾಲಮಂದಿರದಾಗ ಇದ್ದೀನಿ, ಮುಂದಿನ ವರ್ಷ 18 ಆಗ್ತದ. ಆಮ್ಯಾಲ ನಾ ಎಲ್ಲಿ ಹೋಗ್ಲಿ?

ಇದನ್ನು ಪತ್ರದಲ್ಲಿ ಬರೆದು ಕೇಳಿದ ಮಕ್ಕಳಿದ್ದಾರೆ. ಹದಿನೆಂಟು ತುಂಬಿದ ದಿನ ಚೀಲ ಹಿಡಿದು ಹೊರಗೆ ನಿಲ್ಲಬೇಕಾಗಿಲ್ಲ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ 2 ವರ್ಷ, ಅನುಪಾಲನಾ ಸೇವೆಯಡಿ ವಸತಿ, ಓದು, ತರಬೇತಿಗೆ ನೆರವು ಇದೆ. ಆದರೆ ಕೇಳಬೇಕು. 17 ತುಂಬಿದ ಕೂಡಲೇ ನಿನ್ನ ಅಧೀಕ್ಷಕರಿಗೆ, ಸಮಿತಿಗೆ ಬರೆದುಕೊಡು.

ಈಗಲೇ ಮಾಡಿಸಿಟ್ಟುಕೊಳ್ಳಬೇಕಾದ್ದು ಕಾಗದಗಳು: ಜನನ ಪತ್ರ, ಆಧಾರ್, ನಿನ್ನ ಹೆಸರಿನ ಬ್ಯಾಂಕ್ ಖಾತೆ, ಅಂಕಪಟ್ಟಿಗಳು, ಜಾತಿ ಪ್ರಮಾಣಪತ್ರ, ಮುಖ್ಯವಾಗಿ 371(ಜೆ) ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕಾಲೇಜು ಸೀಟಿನಲ್ಲೂ ಸರ್ಕಾರಿ ಕೆಲಸದಲ್ಲೂ ಮೀಸಲಾತಿ ಕೊಡಿಸುವುದು ಅದು. ಹೆತ್ತವರ ದಾಖಲೆ ಇಲ್ಲದವರಿಗೆ ಹೊರಗೆ ಹೋದ ಮೇಲೆ ಅದನ್ನು ಮಾಡಿಸುವುದು ಬಹಳ ಕಷ್ಟ. ಒಳಗಿರುವಾಗ ಬಾಲಮಂದಿರದ ಪತ್ರದ ಬಲ ಇರುತ್ತದೆ.

ಹಾಸ್ಟೆಲಿನಾಗೇ, ಆಶ್ರಮದಾಗೇ ಮಗುವಿಗೆ ತೊಂದರೆ ಆದ್ರೆ? ಕಾಯೋರೇ ಹೊಡೆದ್ರೆ?

ಸಂಸ್ಥೆಯ ಸಿಬ್ಬಂದಿ ಕ್ರೌರ್ಯ ಮಾಡಿದರೆ ಶಿಕ್ಷೆ ಇನ್ನೂ ಜಾಸ್ತಿ: 5 ವರ್ಷದವರೆಗೆ ಕಠಿಣ ಜೈಲು, 5 ಲಕ್ಷದವರೆಗೆ ದಂಡ. ಅನಾಥ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯೂ ನೋಂದಣಿ ಇಲ್ಲದೆ ನಡೆಯುವಂತಿಲ್ಲ. ಮಠದ ಹೆಸರಿರಲಿ, ದೊಡ್ಡವರ ಹೆಸರಿರಲಿ, ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಮೂವರಿಗೆ ಕಡಿಮೆ ಇಲ್ಲದ ತಪಾಸಣಾ ತಂಡ 3 ತಿಂಗಳಿಗೊಮ್ಮೆಯಾದರೂ ಬರಬೇಕು. ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ಅಂಥ ಭೇಟಿಯ ದಿನ ಮಕ್ಕಳ ಜೊತೆ ಸಿಬ್ಬಂದಿ ಇಲ್ಲದೆ ಮಾತಾಡಿ ಎಂದು ನಾವು ಪ್ರತಿ ಸಲ ಕೇಳುತ್ತೇವೆ. ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಬರೆಯಬಹುದು.

ಸಮಿತಿ ಕೊಟ್ಟ ಆದೇಶ ನಮಗ ಸರಿ ಅನ್ನಿಸಿಲ್ಲ. ಮುಂದ ಯಾರನ್ನ ಕೇಳಬೇಕು?

ಎರಡು ದಾರಿ ಇವೆ, ಕಲಸಿಕೊಳ್ಳಬೇಡಿ. ಸಮಿತಿ ಸರಿಯಾಗಿ ಕೂರುತ್ತಿಲ್ಲ, ತಾರೀಕು ಮುಂದೂಡುತ್ತಿದೆ, ನಡವಳಿಕೆ ಸರಿಯಿಲ್ಲ ಎಂಬ ದೂರಾದರೆ ಜಿಲ್ಲಾಧಿಕಾರಿಗೆ ಕೊಡಿ. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕೆಂಬ ನಿಯಮ ಇದೆ. ಆದೇಶವೇ ತಪ್ಪು ಅನ್ನಿಸಿದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬೇಕು. ಪೋಷಕತ್ವ, ಪ್ರಾಯೋಜಕತ್ವ, ಅನುಪಾಲನೆಯ ಆದೇಶವಾದರೆ ಮಾತ್ರ ಮೇಲ್ಮನವಿಯೂ ಜಿಲ್ಲಾಧಿಕಾರಿಗೇ.

ಅದರ ಮೇಲೆ ಹೈಕೋರ್ಟ್ ಇದೆ. ಅದರ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಓಡಬೇಕಿಲ್ಲ. ಯಾವ ದಾರಿ ಹಿಡಿದರೂ ಆದೇಶದ ಪ್ರತಿ ಕೈಯಲ್ಲಿರಬೇಕು. ಬಾಯಿಮಾತಿನಲ್ಲಿ ಹೇಳಿದ್ದನ್ನು ಕೇಳಿಕೊಂಡು ವಾಪಸ್ ಬರಬೇಡಿ. ಅದೇ ದಿನ ಬಿಳಿ ಹಾಳೆಯಲ್ಲಿ ಪ್ರತಿ ಕೊಡಿ ಎಂದು ಅರ್ಜಿ ಬರೆದುಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.